ಗುಳೆ ಬಂದ ಕುಟುಂಬ ತನ್ನ ಕಾಲ ಮೇಲೆ ನಿಲ್ಲುವ ದಾರಿ

ಯಾದಗಿರಿ, ರಾಯಚೂರು, ಕಲಬುರಗಿ, ಕೊಪ್ಪಳ, ವಿಜಯಪುರ ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಸುಗ್ಗಿ ಮುಗಿಯುತ್ತಿದ್ದಂತೆ ಮನೆಗಳಿಗೆ ಬೀಗ ಬೀಳುತ್ತದೆ. ಮಳೆ ಕೈಕೊಟ್ಟ ವರ್ಷ ಅದಕ್ಕೂ ಮುಂಚೆಯೇ. ಗಂಡ, ಹೆಂಡತಿ, ಎಳೆಯ ಮಕ್ಕಳು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈ, ಗೋವಾದ ದಾರಿ ಹಿಡಿಯುತ್ತಾರೆ. ಕೆಲವು ಮನೆಗಳಲ್ಲಿ ಮುದುಕರಷ್ಟೇ ಉಳಿಯುತ್ತಾರೆ. ಇತ್ತ ಒಡಿಶಾ, ಬಿಹಾರ, ಪಶ್ಚಿಮ ಬಂಗಾಳ, ಅಸ್ಸಾಂಗಳಿಂದ ಬಂದವರು ಬೆಂಗಳೂರಿನ ಕಟ್ಟಡಗಳಲ್ಲಿ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ದುಡಿಯುತ್ತಿದ್ದಾರೆ.

ಇಂಥ ಕುಟುಂಬಗಳಿಗೆಂದೇ ಇರುವ, ಅಥವಾ ಇವರಿಗೂ ಸಲ್ಲಬೇಕಾದ ಸೇವೆಗಳು ಕಡಿಮೆಯೇನಿಲ್ಲ. ಪಡಿತರ, ಅಂಗನವಾಡಿ, ಶಾಲೆ, ಲೇಬರ್ ಕಾರ್ಡ್, ಆರೋಗ್ಯ ಕಾರ್ಡ್, ಸ್ವಸಹಾಯ ಸಂಘ, ಉಚಿತ ಕಾನೂನು ನೆರವು ಎಲ್ಲವೂ ಇವೆ. ಆದರೆ ಪ್ರತಿಯೊಂದಕ್ಕೂ ಬೇರೆ ಇಲಾಖೆ, ಬೇರೆ ಕಚೇರಿ, ಬೇರೆ ಕಾಗದ. ದಿನಗೂಲಿಯವರು ಒಂದು ಕಚೇರಿಗೆ ಹೋದರೆ ಒಂದು ಹಾಜರಿ ಹೋಯಿತು. ಯಾವುದು ಮೊದಲು, ಯಾವುದು ಆಮೇಲೆ, ಯಾವ ಕಾಗದವಿದ್ದರೆ ಯಾವ ಬಾಗಿಲು ತೆರೆಯುತ್ತದೆ ಎಂಬುದನ್ನು ಒಟ್ಟಾಗಿ ಹೇಳುವವರು ಸಿಗುವುದಿಲ್ಲ. ಆ ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮುಂಗಡದಿಂದ ಶುರು

ಗುಳೆ ಹೋಗುವ ಅನೇಕ ಕುಟುಂಬಗಳು ಹೊರಡುವ ಮೊದಲೇ ಮೇಸ್ತ್ರಿಯಿಂದ ಮುಂಗಡ ಪಡೆದಿರುತ್ತವೆ. ಮಗಳ ಮದುವೆ, ಆಸ್ಪತ್ರೆ ಖರ್ಚು, ಒಣಗಿದ ಬೋರ್‌ವೆಲ್, ಹಳೆಯ ಬಡ್ಡಿ, ಇವುಗಳಲ್ಲಿ ಒಂದು ಕಾರಣ ಇದ್ದೇ ಇರುತ್ತದೆ. ಮುಂಗಡ ಪಡೆದವರಿಗೆ ಕೂಲಿ ಎಷ್ಟೆಂದು ಚೌಕಾಸಿ ಮಾಡುವ ಶಕ್ತಿ ಇರುವುದಿಲ್ಲ. ಬಟವಾಡೆಯ ದಿನ ಕೈಗೆ ಬರುವುದು ಊಟದ ಖರ್ಚಿಗಷ್ಟೇ. ಉಳಿದದ್ದು ಮುಂಗಡಕ್ಕೆ ಜಮಾ ಆಗುತ್ತದೆ, ಲೆಕ್ಕ ಮೇಸ್ತ್ರಿಯ ಪುಸ್ತಕದಲ್ಲಿರುತ್ತದೆ. ನಗರದಲ್ಲಿ ಅಕ್ಕಿ, ನೀರು, ಡಾಕ್ಟರು, ಮಕ್ಕಳ ಹಾಲು ಎಲ್ಲಕ್ಕೂ ದುಡ್ಡು ಬೇಕು. ಊರಿಗೆ ಮರಳಿದಾಗ ಕೈ ಖಾಲಿ, ಮುಂದಿನ ವರ್ಷಕ್ಕೆ ಮತ್ತೆ ಮುಂಗಡ.

ಸಮಾಜ ಸೇವೆಗಳು ಕೆಲಸ ಮಾಡುವುದು ಇಲ್ಲಿಯೇ. ಪ್ರತಿ ಸೇವೆಯೂ ಸಾಲಕ್ಕೆ ಕಾರಣವಾಗುವ ಒಂದೊಂದು ಖರ್ಚನ್ನು ಮುಚ್ಚುತ್ತದೆ. ಪಡಿತರ ಸಿಕ್ಕಿದರೆ ಅಂಗಡಿಯ ಉದ್ರಿ ಇಳಿಯುತ್ತದೆ. ಆರೋಗ್ಯ ಕಾರ್ಡ್ ಇದ್ದರೆ ಶಸ್ತ್ರಚಿಕಿತ್ಸೆಗೆ ಬಡ್ಡಿ ಸಾಲ ಬೇಕಾಗುವುದಿಲ್ಲ. ಮಗು ಅಂಗನವಾಡಿಯಲ್ಲಿದ್ದರೆ ಆ ಹೊತ್ತು ತಾಯಿ ನೆಮ್ಮದಿಯಿಂದ ದುಡಿಯಬಹುದು. ಒಂದು ಕುಟುಂಬ ಸ್ವಾವಲಂಬಿಯಾಯಿತೇ ಎಂದು ತಿಳಿಯಲು ನೇರವಾದ ಅಳತೆಯೊಂದಿದೆ: ಮುಂದಿನ ವರ್ಷ ಮೇಸ್ತ್ರಿ ಮನೆ ಬಾಗಿಲಿಗೆ ಬಂದಾಗ ಮುಂಗಡ ಬೇಡ, ಕೂಲಿ ಎಷ್ಟು ಹೇಳು ಎನ್ನುವಂತಾಗಿದ್ದರೆ ಸೇವೆಗಳು ತಮ್ಮ ಕೆಲಸ ಮಾಡಿವೆ.

ಹೊರಡುವ ಮುಂಚೆ ಊರಲ್ಲೇ ಮುಗಿಸಬೇಕಾದದ್ದು

ನಗರದಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಊರಲ್ಲಿ ಬಿಟ್ಟುಬಂದ ಕಾಗದಗಳಿಂದ. ಹೊರಡುವ ಮುಂಚೆ ಈ ಆರು ವಿಷಯ ನೋಡಿಕೊಳ್ಳಬೇಕು.

ಮೊದಲನೆಯದು, ಆಧಾರ್‌ಗೆ ಈಗ ಬಳಸುತ್ತಿರುವ ಮೊಬೈಲ್ ನಂಬರ್ ಸೇರಿರಬೇಕು. ಸಿಮ್ ಬದಲಾಯಿಸಿ ಹಳೆಯ ನಂಬರನ್ನೇ ಬಿಟ್ಟರೆ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಬಹುತೇಕ ಅರ್ಜಿಗಳು ಮುಂದೆ ಸಾಗುವುದಿಲ್ಲ.

ಎರಡನೆಯದು, ಬ್ಯಾಂಕ್ ಖಾತೆ. ಸರ್ಕಾರದ ನೇರ ನಗದು ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಎರಡು ಮೂರು ಖಾತೆ ಇದ್ದವರು ಕೊನೆಯದಾಗಿ ಯಾವುದಕ್ಕೆ ಜೋಡಿಸಿದ್ದಾರೋ ಅದಕ್ಕೇ ಹಣ ಹೋಗುತ್ತದೆ. ಗೃಹಲಕ್ಷ್ಮಿ ಹಣ ಬಂದೇ ಇಲ್ಲ ಎನ್ನುವ ಹಲವರ ಹಣ ಅವರೇ ಮರೆತ ಇನ್ನೊಂದು ಖಾತೆಯಲ್ಲಿ ಕೂತಿರುತ್ತದೆ.

ಮೂರನೆಯದು, ಪಡಿತರ ಚೀಟಿಯಲ್ಲಿ ಎಲ್ಲರ ಹೆಸರೂ ಇರಬೇಕು, ಎಲ್ಲರ ಇ-ಕೆವೈಸಿ ಮುಗಿದಿರಬೇಕು. ಹೊಸ ಸೊಸೆ, ಹೊಸ ಮಗುವಿನ ಹೆಸರು ಸೇರಿಸುವುದನ್ನು ಮುಂದೂಡಬಾರದು.

ನಾಲ್ಕನೆಯದು, ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಸಿಗುವ ಈ ಪತ್ರಗಳ ಮೇಲಿನ ಆರ್.ಡಿ. ನಂಬರ್ ಇಲ್ಲದೆ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಲಾಗುವುದಿಲ್ಲ. ಆದಾಯ ಪತ್ರ 5 ವರ್ಷ ನಡೆಯುತ್ತದೆ.

ಐದನೆಯದು, ಜನನ ಪ್ರಮಾಣಪತ್ರ. ಮಗು ಹುಟ್ಟಿದ ಸ್ಥಳದಲ್ಲೇ 21 ದಿನದೊಳಗೆ ನೋಂದಣಿಯಾಗಬೇಕು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹೆತ್ತು ಸುರಪುರಕ್ಕೆ ಮರಳಿದವರು ಪತ್ರ ಪಡೆಯದೆ ಬಂದರೆ ಮುಂದೆ ಒದ್ದಾಡಬೇಕಾಗುತ್ತದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಈ ಪತ್ರದ ಮಹತ್ವ ಇನ್ನೂ ಹೆಚ್ಚಿದೆ. ಜನ್ಮದಿನಾಂಕ ಮತ್ತು ಜನ್ಮಸ್ಥಳಕ್ಕೆ ಇದೇ ಮುಖ್ಯ ದಾಖಲೆ.

ಆರನೆಯದು, ಇ-ಶ್ರಮ್ ನೋಂದಣಿ. 2021ರ ಆಗಸ್ಟ್ 26ರಂದು ಶುರುವಾದ ಈ ರಾಷ್ಟ್ರೀಯ ಪಟ್ಟಿಗೆ 16ರಿಂದ 59 ವರ್ಷದೊಳಗಿನ, ಪಿಎಫ್ ಮತ್ತು ಇಎಸ್‌ಐ ಇಲ್ಲದ, ಆದಾಯ ತೆರಿಗೆ ಕಟ್ಟದ ಕಾರ್ಮಿಕರು ಉಚಿತವಾಗಿ ಸೇರಬಹುದು. 12 ಅಂಕಿಯ ಸಂಖ್ಯೆ ಸಿಗುತ್ತದೆ. ಇದು ದುಡ್ಡು ಕೊಡುವ ಯೋಜನೆ ಎಂದು ಹಲವರು ತಪ್ಪಾಗಿ ತಿಳಿದಿದ್ದಾರೆ. ಅಸಂಘಟಿತ ಕಾರ್ಮಿಕ ಎಂಬ ಗುರುತನ್ನು ದೇಶದ ಯಾವ ಮೂಲೆಯಲ್ಲೂ ತೋರಿಸಲು ಇದು ನೆರವಾಗುತ್ತದೆ, ಅಷ್ಟಕ್ಕೆ ಇದನ್ನು ಮಾಡಿಸಿಟ್ಟುಕೊಳ್ಳಬೇಕು.

ಇವುಗಳಲ್ಲಿ ಬಹುಪಾಲು ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರ, ನಾಡಕಚೇರಿ, ಅಂಚೆ ಕಚೇರಿಗಳ ಸುತ್ತಲೇ ಮುಗಿಯುವ ಕೆಲಸ. ಮೂಲ ದಾಖಲೆಗಳನ್ನು ಊರಲ್ಲಿ ಭದ್ರವಾಗಿಟ್ಟು, ಜೆರಾಕ್ಸ್ ಮತ್ತು ಮೊಬೈಲ್‌ನಲ್ಲಿ ತೆಗೆದ ಫೋಟೊ ಜತೆಗೊಯ್ದರೆ ಟಾರ್ಪಾಲಿನ ಶೆಡ್ಡಿನಲ್ಲಿ ಮಳೆಗೆ ನೆನೆದು ಹಾಳಾಗುವ ಭಯವಿರದು.

ಊರಿನ ಕಾರ್ಡಿಗೆ ನಗರದ ಅಕ್ಕಿ

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಧಾನ್ಯದ ಹಕ್ಕಿದೆ. 2023ರ ಜನವರಿಯಿಂದ ಇದು ಪೂರ್ತಿ ಉಚಿತ. ಇದರ ಮೇಲೆ ರಾಜ್ಯ ಸರ್ಕಾರ ಅನ್ನಭಾಗ್ಯದಲ್ಲಿ ಕೊಡುವ ಹೆಚ್ಚುವರಿ ಪಾಲು ಬೇರೆ. ಅದರ ರೂಪ ಆಗಾಗ ಬದಲಾಗಿದೆ.

ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆ 2019ರ ಆಗಸ್ಟ್‌ನಲ್ಲಿ ನಾಲ್ಕು ರಾಜ್ಯಗಳಲ್ಲಿ ಪ್ರಯೋಗವಾಗಿ ಶುರುವಾಯಿತು. 2020ರ ಜನವರಿಯಲ್ಲಿ ಕರ್ನಾಟಕ ಸೇರಿಕೊಂಡಿತು, 2022ರ ಜೂನ್ ಹೊತ್ತಿಗೆ ಇಡೀ ದೇಶಕ್ಕೆ ಹರಡಿತು. ಲಾಕ್‌ಡೌನ್‌ನಲ್ಲಿ ವಲಸೆ ಕಾರ್ಮಿಕರು ಪಟ್ಟ ಪಾಡನ್ನು ತಾನಾಗಿಯೇ ಕೈಗೆತ್ತಿಕೊಂಡಿದ್ದ ಸುಪ್ರೀಂ ಕೋರ್ಟ್ 2021ರ ಜೂನ್ 29ರ ತೀರ್ಪಿನಲ್ಲಿ ಎಲ್ಲ ರಾಜ್ಯಗಳೂ ಇದನ್ನು ಜಾರಿಗೊಳಿಸಲೇಬೇಕೆಂದು ಗಡುವು ವಿಧಿಸಿತ್ತು.

ಬಳಸುವ ಬಗೆ ಸರಳವಾಗಿದೆ. ಕಾರ್ಡನ್ನು ನಗರಕ್ಕೆ ವರ್ಗಾಯಿಸುವ ಅಗತ್ಯವಿಲ್ಲ, ಹೊಸ ಕಾರ್ಡಿಗೆ ಅರ್ಜಿ ಹಾಕಬೇಕಿಲ್ಲ. ತಾವಿರುವ ಜಾಗದ ಹತ್ತಿರದ ನ್ಯಾಯಬೆಲೆ ಅಂಗಡಿಗೆ ಹೋಗಿ ಕಾರ್ಡ್ ನಂಬರ್ ಅಥವಾ ಆಧಾರ್ ನಂಬರ್ ಹೇಳಿ, ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಸಾಕು. ಕುಟುಂಬದ ಯಾವ ಸದಸ್ಯರಾದರೂ ಹೋಗಬಹುದು. ಊರಲ್ಲಿರುವ ಅತ್ತೆ ಮಾವ ತಮ್ಮ ಪಾಲನ್ನು ಅಲ್ಲೇ ಪಡೆದು, ಮಗ ಸೊಸೆ ತಮ್ಮ ಪಾಲನ್ನು ಬೆಂಗಳೂರಿನಲ್ಲಿ ಪಡೆಯಲು ಅವಕಾಶವಿದೆ. ಆದರೆ ಒಬ್ಬರೇ ಇಡೀ ಮನೆಯ ಪಾಲನ್ನು ಎತ್ತಿಬಿಟ್ಟರೆ ಇನ್ನೊಂದು ಕಡೆಯವರಿಗೆ ಆ ತಿಂಗಳು ಏನೂ ಇರುವುದಿಲ್ಲ. ಯಾರ ಪಾಲು ಎಲ್ಲಿ ಎಂದು ತಿಂಗಳ ಮೊದಲೇ ಫೋನಿನಲ್ಲಿ ಮಾತಾಡಿಕೊಳ್ಳಬೇಕು.

ಹೊರಗಿನ ಕಾರ್ಡಿಗೆ ಕೊಡುವುದಿಲ್ಲ ಎಂದು ಅಂಗಡಿಯವರು ಹೇಳುವಂತಿಲ್ಲ. ಹೇಳಿದರೆ 1967 ಅಥವಾ 14445ಕ್ಕೆ ಕರೆ ಮಾಡಿ ದೂರು ಕೊಡಬೇಕು. ಕೆಲಸದ ದಿನಗಳಲ್ಲಿ ಅಡುಗೆಗೆ ಹೊತ್ತಿಲ್ಲದವರಿಗೆ 2017ರ ಆಗಸ್ಟ್‌ನಿಂದ ಬೆಂಗಳೂರಿನಲ್ಲಿರುವ ಇಂದಿರಾ ಕ್ಯಾಂಟೀನ್‌ಗಳ ಕಡಿಮೆ ದರದ ಊಟ ಒಂದು ಆಸರೆ. ಅಲ್ಲಿ ಯಾವ ಕಾರ್ಡನ್ನೂ ಕೇಳುವುದಿಲ್ಲ.

ಮಗು ಎಲ್ಲಿರುತ್ತದೆ?

ಅಂಗನವಾಡಿ ವ್ಯವಸ್ಥೆ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದ ಮೊದಲ ಪ್ರಯೋಗ ನಡೆದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ಆರು ವರ್ಷದೊಳಗಿನ ಯಾವ ಮಗುವಾದರೂ, ಯಾವ ರಾಜ್ಯದ್ದಾದರೂ, ಹತ್ತಿರದ ಅಂಗನವಾಡಿಗೆ ಹೋಗಬಹುದು. ಗರ್ಭಿಣಿ, ಬಾಣಂತಿಯರಿಗೆ ಅಲ್ಲಿ ಪೌಷ್ಟಿಕ ಆಹಾರವೂ ಸಿಗುತ್ತದೆ. ತೊಡಕಿರುವುದು ಬೇರೆಡೆ: ಸೈಟಿನ ಶೆಡ್ಡುಗಳು ಅಂಗನವಾಡಿ ಕಾರ್ಯಕರ್ತೆಯರ ಸಮೀಕ್ಷೆಯ ಮನೆಪಟ್ಟಿಯಲ್ಲಿ ಸೇರಿರುವುದಿಲ್ಲ. ತಾಯಿಯೇ ಹೋಗಿ ಹೆಸರು ಬರೆಸಬೇಕು, ಇಲ್ಲವೇ ನೆರೆಯವರು ಕಾರ್ಯಕರ್ತೆಗೆ ತಿಳಿಸಬೇಕು.

ಅಂಗನವಾಡಿ ಮಧ್ಯಾಹ್ನದ ಹೊತ್ತಿಗೇ ಮುಗಿದರೆ, ಸಂಜೆಯವರೆಗೆ ದುಡಿಯುವ ತಾಯಿಗೆ ಅದಷ್ಟೇ ಸಾಲದು. ಆದ್ದರಿಂದಲೇ ಕಟ್ಟಡ ಕಾರ್ಮಿಕರ 1996ರ ಕಾಯ್ದೆ, 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಸೈಟಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಇರಲೇಬೇಕೆಂದು ಹೇಳಿತ್ತು. ಈ ಕೆಲಸಕ್ಕೆ ದೇಶದಲ್ಲಿ ದಾರಿ ತೋರಿಸಿದ್ದು ಮೀರಾ ಮಹಾದೇವನ್. 1969ರಲ್ಲಿ ದೆಹಲಿಯ ರಾಜಘಾಟ್ ಬಳಿ ಗಾಂಧಿ ಶತಮಾನೋತ್ಸವದ ಕಾಮಗಾರಿಯಲ್ಲಿ ಧೂಳಿನಲ್ಲಿ ಮಲಗಿದ್ದ ಕೂಸುಗಳನ್ನು ಕಂಡು ಅವರು ಮೊಬೈಲ್ ಕ್ರೆಶಸ್ ಸಂಸ್ಥೆ ಕಟ್ಟಿದರು. ಬೆಂಗಳೂರಿನಲ್ಲಿ ಸಂಪರ್ಕ ಎಂಬ ಸಂಸ್ಥೆ ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಇಂಥ ಕೇಂದ್ರಗಳನ್ನು ನಡೆಸಿದೆ. ಶಿಶುಪಾಲನಾ ಕೇಂದ್ರದಿಂದ ಮೂರು ಲಾಭ ಒಟ್ಟಿಗೆ ಸಿಗುತ್ತವೆ: ಮಗು ಸುರಕ್ಷಿತ, ತಾಯಿಯ ಪೂರ್ತಿ ಹಾಜರಿ, ಮತ್ತು ಕೂಸನ್ನು ನೋಡಿಕೊಳ್ಳಲು ಶಾಲೆ ಬಿಟ್ಟಿದ್ದ ಅಕ್ಕನಿಗೆ ಮತ್ತೆ ಶಾಲೆ.

ಆರು ದಾಟಿದ ಮಗುವಿಗೆ ಶಿಕ್ಷಣ ಹಕ್ಕು ಕಾಯ್ದೆ ಬಲವಾದ ರಕ್ಷಣೆ ಕೊಡುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ಕಾಯ್ದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೆ ಮಗುವನ್ನು ಸೇರಿಸಿಕೊಳ್ಳಬೇಕು. ಟಿಸಿ ತಡವಾಯಿತು, ಜನನ ಪತ್ರ ಇಲ್ಲ, ದಾಖಲಾತಿಯ ಅವಧಿ ಮುಗಿಯಿತು ಎಂಬ ಯಾವ ಕಾರಣಕ್ಕೂ ಪ್ರವೇಶ ನಿರಾಕರಿಸುವಂತಿಲ್ಲ. ಊರಿನ ಶಾಲೆಯ ಮುಖ್ಯ ಶಿಕ್ಷಕರಿಂದ ಮಗುವಿನ ಸ್ಯಾಟ್ಸ್ ಸಂಖ್ಯೆ ಬರೆಸಿಕೊಂಡು ಬಂದರೆ ರಾಜ್ಯದ ಯಾವ ಶಾಲೆಯಲ್ಲೂ ಹಳೆಯ ದಾಖಲೆ ಸಿಗುತ್ತದೆ. ದೊಡ್ಡ ಸೈಟುಗಳ ಬಳಿ ಟೆಂಟ್ ಶಾಲೆಗಳು, ಗುಳೆ ಹೆಚ್ಚಿರುವ ತಾಲ್ಲೂಕುಗಳಲ್ಲಿ ಮಕ್ಕಳು ಊರಲ್ಲೇ ಉಳಿದು ಓದಲು ಋತುಮಾನ ವಸತಿ ವ್ಯವಸ್ಥೆ ನಡೆದುಬಂದಿವೆ. ಓದುವ ಮಗುವನ್ನು ಊರಲ್ಲೇ ಹಾಸ್ಟೆಲ್‌ನಲ್ಲಿ ಬಿಡುವುದೋ, ಜತೆಗೆ ಕರೆದೊಯ್ಯುವುದೋ ಎಂಬುದನ್ನು ಹೊರಡುವ ಮುಂಚೆಯೇ ಶಾಲೆಯ ಶಿಕ್ಷಕರೊಂದಿಗೆ ಕೂತು ತೀರ್ಮಾನಿಸುವುದು ಒಳ್ಳೆಯದು.

ಆಸ್ಪತ್ರೆಯ ಸಾಲ ತಪ್ಪಿಸಲು

ಸಣ್ಣ ಜ್ವರ, ಕೆಮ್ಮಿಗೆ ಪಾಲಿಕೆಯ ನಮ್ಮ ಕ್ಲಿನಿಕ್ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಪಾಸಣೆ, ಔಷಧ ಉಚಿತ. ದೊಡ್ಡ ಕಾಯಿಲೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರಲ್ಲಿ ಸೇರುತ್ತದೆ. ಇಲ್ಲೊಂದು ಕ್ರಮ ತಪ್ಪದೆ ಪಾಲಿಸಬೇಕು: ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಆ ಚಿಕಿತ್ಸೆ ಅಲ್ಲಿ ಇಲ್ಲವೆಂದಾದರೆ ರೆಫರಲ್ ಬರೆಸಿಕೊಂಡು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಸಂದರ್ಭದಲ್ಲಿ ಮಾತ್ರ ನೇರವಾಗಿ ಹೋಗಬಹುದು. ರೆಫರಲ್ ಇಲ್ಲದೆ ಮೊದಲೇ ಖಾಸಗಿ ಆಸ್ಪತ್ರೆಯಲ್ಲಿ ದಾಖಲಾದವರು ಕಾರ್ಡ್ ಇದ್ದರೂ ಬಿಲ್ ಕಟ್ಟುವ ಸ್ಥಿತಿಗೆ ಬೀಳುತ್ತಾರೆ.

ಗರ್ಭಿಣಿಯರಿಗೆ ತಾಯಿ ಕಾರ್ಡ್ ಅತಿ ಮುಖ್ಯ. ಊರಿನ ಆಶಾ ಕಾರ್ಯಕರ್ತೆ ಮಾಡಿಸಿದ ಕಾರ್ಡನ್ನು ನಗರದ ಆರೋಗ್ಯ ಕೇಂದ್ರದಲ್ಲಿ ತೋರಿಸಿದರೆ ತಪಾಸಣೆ, ಲಸಿಕೆ ಮುಂದುವರಿಯುತ್ತದೆ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಎರಡು ಕಂತುಗಳಲ್ಲಿ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಸಿಗುತ್ತದೆ.

ಮನೆಯ ದುಡಿಯುವ ಕೈಗೆ ಏನಾದರೂ ಆದರೆ ಎಂಬ ಭಯಕ್ಕೆ ಬ್ಯಾಂಕಿನ ಎರಡು ವಿಮೆಗಳಿವೆ. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಅಪಘಾತದಲ್ಲಿ ಸತ್ತರೆ 2 ಲಕ್ಷ ಕೊಡುತ್ತದೆ. 436 ರೂಪಾಯಿಯ ಜೀವನ್ ಜ್ಯೋತಿ ಯಾವುದೇ ಕಾರಣದ ಸಾವಿಗೆ 2 ಲಕ್ಷ ಕೊಡುತ್ತದೆ. ಹಣ ಪ್ರತಿವರ್ಷ ಖಾತೆಯಿಂದ ತಾನಾಗಿ ಕಡಿತವಾಗುವುದು ಮೇ ಕೊನೆಯ ಹೊತ್ತಿಗೆ. ಆಗ ಖಾತೆಯಲ್ಲಿ ಹಣವಿರದಿದ್ದರೆ ವಿಮೆ ನಿಂತುಹೋಗುತ್ತದೆ. ನಾಮಿನಿ ಯಾರೆಂಬುದು ಮನೆಯವರಿಗೆ ಗೊತ್ತಿರಬೇಕು.

ಲೇಬರ್ ಕಾರ್ಡ್: 90 ದಿನದ ಸಹಿ

ಗಾರೆ, ಸೆಂಟ್ರಿಂಗ್, ಬಾರ್ ಬೆಂಡಿಂಗ್, ಪೇಂಟಿಂಗ್, ಟೈಲ್ಸ್, ಪ್ಲಂಬಿಂಗ್, ಮಣ್ಣು ಹೊರುವ ಹೆಲ್ಪರ್ ಕೆಲಸ ಮಾಡುವ ಎಲ್ಲರೂ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಮಂಡಳಿಯ ಹಣ ಬರುವುದು ಕಟ್ಟಡದ ವೆಚ್ಚದ ಮೇಲೆ ಹಾಕುವ ಶೇ 1ರ ಸೆಸ್‌ನಿಂದ. ಆ ಹಣ ಕಾರ್ಮಿಕರ ಬೆವರಿಗೆ ಸಂದದ್ದು, ಅದನ್ನು ಕೇಳಲು ಯಾರೂ ಸಂಕೋಚಪಡಬೇಕಿಲ್ಲ.

ಅರ್ಹತೆ ಎರಡೇ: ವಯಸ್ಸು 18ರಿಂದ 60ರೊಳಗೆ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ. ಈ 90 ದಿನಕ್ಕೆ ಉದ್ಯೋಗ ದೃಢೀಕರಣ ಪತ್ರ ಬೇಕು. ಅದಕ್ಕೆ ಕೆಲಸ ಕೊಟ್ಟ ಮಾಲೀಕ ಅಥವಾ ಗುತ್ತಿಗೆದಾರ, ನೋಂದಾಯಿತ ಕಾರ್ಮಿಕ ಸಂಘ, ಕಾರ್ಮಿಕ ಇಲಾಖೆಯ ನಿರೀಕ್ಷಕರು, ಇಲ್ಲವೇ ಹಳ್ಳಿಯಲ್ಲಾದರೆ ಪಂಚಾಯಿತಿ ಪಿಡಿಒ ಸಹಿ ಹಾಕಬಹುದು. ಅರ್ಜಿ ಆನ್‌ಲೈನ್‌ನಲ್ಲಿ. ನಗರದ ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರಗಳ ನೆರವು ಪಡೆಯಬಹುದು.

ನೋಂದಾಯಿತರಿಗೆ ಮದುವೆಗೆ 60,000 ರೂಪಾಯಿ, 60 ವರ್ಷದ ನಂತರ ತಿಂಗಳಿಗೆ 3,000 ರೂಪಾಯಿ ಪಿಂಚಣಿ, ಹೆರಿಗೆ ಸಹಾಯಧನ, ಮಕ್ಕಳ ಓದಿಗೆ ಸಹಾಯಧನ, ಅಪಘಾತ ಮತ್ತು ಚಿಕಿತ್ಸೆಗೆ ನೆರವು ಇವೆ. ಪ್ರತಿ ಸೌಲಭ್ಯಕ್ಕೂ ಅರ್ಜಿಯ ಗಡುವು ಬೇರೆ, ಮೊತ್ತವೂ ಕಾಲಕಾಲಕ್ಕೆ ಬದಲಾಗುತ್ತದೆ. ಅರ್ಜಿ ಹಾಕುವ ದಿನ 155214ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಮದುವೆಗೆ ಸಿಗುವ ನೆರವು ಎಷ್ಟೋ ಮನೆಗಳಲ್ಲಿ ಮೇಸ್ತ್ರಿಯ ಮುಂಗಡದ ಜಾಗವನ್ನೇ ತುಂಬಬಲ್ಲದು. ಆದ್ದರಿಂದ ಮಗಳು ಚಿಕ್ಕವಳಿರುವಾಗಲೇ ಕಾರ್ಡ್ ಮಾಡಿಸಿ, ನವೀಕರಣ ತಪ್ಪದಂತೆ ನೋಡಿಕೊಳ್ಳಬೇಕು. ನಿರ್ಮಾಣ ಕೆಲಸವನ್ನೇ ಮಾಡದವರು ಬೋಗಸ್ ಕಾರ್ಡ್ ಮಾಡಿಸಿಕೊಂಡದ್ದರಿಂದ ತಪಾಸಣೆ ಬಿಗಿಯಾಗಿದೆ, ಅದರ ಬಿಸಿ ನಿಜವಾದ ಕಾರ್ಮಿಕರಿಗೂ ತಟ್ಟುತ್ತಿದೆ. ಹಾಜರಿ ಪುಸ್ತಕದ ಫೋಟೊ, ಕೂಲಿ ಜಮೆಯಾದ ಖಾತೆಯ ವಿವರ ಇಟ್ಟುಕೊಂಡವರಿಗೆ ತೊಂದರೆ ಕಡಿಮೆ.

ಕಟ್ಟಡದ ಹೊರಗೆ ದುಡಿಯುವ ಹಮಾಲರು, ಮನೆಗೆಲಸದವರು, ಚಿಂದಿ ಆಯುವವರು, ಟೈಲರ್, ಮೆಕ್ಯಾನಿಕ್, ಅಗಸರು, ಕ್ಷೌರಿಕರು ಮೊದಲಾದವರಿಗೆ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿ ಇದೆ. ಆ್ಯಪ್ ಮೂಲಕ ಡೆಲಿವರಿ, ಟ್ಯಾಕ್ಸಿ ಕೆಲಸ ಮಾಡುವವರಿಗಾಗಿ 2025ರಲ್ಲಿ ಕರ್ನಾಟಕ ಪ್ರತ್ಯೇಕ ಕಾಯ್ದೆ ತಂದಿದೆ.

ಕೂಲಿ ಸಿಗದಿದ್ದರೆ

ಪ್ರತಿದಿನದ ಹಾಜರಿ, ಪಡೆದ ಹಣ, ಸೈಟಿನ ಹೆಸರು, ಮೇಸ್ತ್ರಿಯ ಮತ್ತು ಗುತ್ತಿಗೆದಾರನ ಫೋನ್ ನಂಬರ್‌ಗಳನ್ನು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಎಲ್ಲಕ್ಕಿಂತ ದೊಡ್ಡ ಆಸರೆ. ಓದು ಬರದವರು ಮಗ ಅಥವಾ ಮಗಳಿಂದ ಬರೆಸಬಹುದು. ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕರ ಮೇಲೂ ಹೊಣೆ ಬೀಳುತ್ತದೆ. ದೂರು ಕೊಡಬೇಕಾದದ್ದು ಕಾರ್ಮಿಕ ನಿರೀಕ್ಷಕರಿಗೆ.

ಕೆಲಸದ ವೇಳೆ ಬಿದ್ದು ಗಾಯಗೊಂಡರೆ, ಗಾಯವಾದದ್ದು ಕೆಲಸದ ಸ್ಥಳದಲ್ಲಿ ಎಂದು ಆಸ್ಪತ್ರೆಯ ಚೀಟಿಯಲ್ಲಿ ಬರೆಸಲೇಬೇಕು. ಮಾಲೀಕರು ಕೊಡಬೇಕಾದ ಪರಿಹಾರ ಬೇರೆ, ಮಂಡಳಿಯ ನೆರವು ಬೇರೆ. ಒಂದಿಷ್ಟು ದುಡ್ಡು ಕೈಗಿಟ್ಟು ಊರಿಗೆ ಕಳಿಸುವ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬೇಕು. 1987ರ ಕಾಯ್ದೆಯಡಿ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವಕೀಲರ ನೆರವು ಉಚಿತ. ತಾಲ್ಲೂಕು ನ್ಯಾಯಾಲಯದಲ್ಲೇ ಅದರ ಕಚೇರಿ ಇರುತ್ತದೆ.

ಮುಂಗಡ ತೀರುವವರೆಗೆ ಹೋಗುವಂತಿಲ್ಲ ಎಂದು ತಡೆಹಿಡಿದರೆ, ಕಾರ್ಡು, ಆಧಾರ್ ಕಸಿದಿಟ್ಟುಕೊಂಡರೆ ಅದು ಜೀತ. 1976ರ ಕಾಯ್ದೆ ಜೀತವನ್ನು ಅಪರಾಧ ಮಾಡಿದ್ದಷ್ಟೇ ಅಲ್ಲ, ಆ ಸಾಲವನ್ನೂ ರದ್ದುಗೊಳಿಸಿದೆ. ತಹಶೀಲ್ದಾರ್, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ ಯಾರು ಬೇಕಾದರೂ ದೂರು ಕೊಡಬಹುದು. ಬಿಡುಗಡೆ ಪತ್ರ ಪಡೆದವರಿಗೆ ಪುನರ್ವಸತಿಯ ಹಕ್ಕಿದೆ. ಊರಲ್ಲಿ ಮೈಕ್ರೊ ಫೈನಾನ್ಸ್ ಕಂತಿಗಾಗಿ ಮನೆಗೆ ಬಂದು ಪೀಡಿಸುವವರ ವಿರುದ್ಧ ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, 10 ವರ್ಷದವರೆಗಿನ ಜೈಲು ಶಿಕ್ಷೆಗೆ ಅವಕಾಶ ಮಾಡಿದೆ. ಪೀಡನೆ ಕಂಡಾಗ ಪೊಲೀಸ್ ಠಾಣೆಗೆ ಹೋಗುವುದೇ ಸರಿಯಾದ ದಾರಿ.

ಉಳಿದ ಹಣ ಬೆಳೆಯುವ ಬಗೆ

ಖರ್ಚು ತಗ್ಗಿದ ಮೇಲೆ ಉಳಿತಾಯದ ಮಾತು ಬರುತ್ತದೆ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕಟ್ಟಿದ ಸಣ್ಣ ಉಳಿತಾಯ ಗುಂಪುಗಳ ಅನುಭವದಿಂದಲೇ 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿತು. 10ರಿಂದ 20 ಮಹಿಳೆಯರು ಸೇರಿ, ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಸಾಲ, ಸಕಾಲದ ಮರುಪಾವತಿ, ಸರಿಯಾದ ಪುಸ್ತಕ ಎಂಬ ಪಂಚಸೂತ್ರ ಪಾಲಿಸಿದರೆ ಬ್ಯಾಂಕ್ ಸಾಲ ಸಿಗುತ್ತದೆ. ಊರಲ್ಲಿ ಸಂಜೀವಿನಿ ಒಕ್ಕೂಟಗಳು ಇದನ್ನು ನಡೆಸುತ್ತವೆ.

ಗುಳೆ ಹೋಗುವ ಮಹಿಳೆಗೆ ವಾರದ ಸಭೆ ತಪ್ಪುತ್ತದೆ, ಸದಸ್ಯತ್ವವೂ ಕೈತಪ್ಪುತ್ತದೆ. ಇದಕ್ಕೆ ಪರಿಹಾರವನ್ನು ಸಂಘಗಳೇ ಕಂಡುಕೊಳ್ಳಬೇಕು. ಗುಳೆಯ ತಿಂಗಳುಗಳಲ್ಲಿ ಫೋನಿನಿಂದ ಉಳಿತಾಯ ಕಟ್ಟಲು ನಿರ್ಣಯ ಮಾಡಬಹುದು, ಊರಲ್ಲಿರುವ ಅತ್ತೆಯನ್ನು ಸದಸ್ಯೆ ಮಾಡಬಹುದು. ಸಂಘದಿಂದ ಸಿಗುವ ಸಣ್ಣ ಸಾಲ ಮುಂಗಡಕ್ಕೆ ನೇರವಾದ ಬದಲಿ. ಬಡ್ಡಿ ಕಡಿಮೆ, ಲೆಕ್ಕ ಕಣ್ಣೆದುರು, ದುಡಿಮೆಯ ಅಡಮಾನವಿಲ್ಲ.

ಕೆಲಸವನ್ನೇ ಬದಲಿಸಲು ಬಯಸುವವರಿಗೆ ರುಡ್‌ಸೆಟ್ ಮಾದರಿ ಇದೆ. ಧರ್ಮಸ್ಥಳದ ಟ್ರಸ್ಟ್, ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಸೇರಿ 1982ರಲ್ಲಿ ಉಜಿರೆಯಲ್ಲಿ ಶುರುಮಾಡಿದ ಈ ತರಬೇತಿ ಇಂದು ಆರ್‌ಸೆಟಿ ಹೆಸರಿನಲ್ಲಿ ದೇಶದ ಜಿಲ್ಲೆಗಳಿಗೆ ಹರಡಿದೆ. ಊಟ, ವಸತಿ, ತರಬೇತಿ ಉಚಿತ. ಹೊಲಿಗೆ, ವೈರಿಂಗ್, ಹೈನುಗಾರಿಕೆ, ಮೊಬೈಲ್ ರಿಪೇರಿಯಂಥ ಕಸುಬು ಕಲಿಸಿ ಬ್ಯಾಂಕ್ ಸಾಲದವರೆಗೆ ಜತೆಗಿರುತ್ತಾರೆ. ನಗರದಲ್ಲೇ ನೆಲೆಸಿ ತಳ್ಳುಗಾಡಿ ಹಾಕಿದವರಿಗೆ 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿಯಲ್ಲಿ ಅಡಮಾನವಿಲ್ಲದ ಸಾಲವಿದೆ. ಮೊದಲು 10,000 ರೂಪಾಯಿಯಿದ್ದ ಆರಂಭದ ಕಂತು 2025ರಲ್ಲಿ 15,000ಕ್ಕೆ ಏರಿತು.

ಹೊರರಾಜ್ಯದವರಿಗೆ ಯಾವುದು ಸಲ್ಲುತ್ತದೆ?

ಶಕ್ತಿ ಯೋಜನೆಯ ಉಚಿತ ಬಸ್ಸು, ಗೃಹಲಕ್ಷ್ಮಿಯ 2,000 ರೂಪಾಯಿ ಕರ್ನಾಟಕದ ಮಹಿಳೆಯರಿಗಷ್ಟೇ. ಒಡಿಶಾದ ಅಥವಾ ಬಿಹಾರದ ಕುಟುಂಬಕ್ಕೆ ಕೇಂದ್ರದ 5 ಕೆ.ಜಿ. ಧಾನ್ಯ, ಅಂಗನವಾಡಿ, ಸರ್ಕಾರಿ ಶಾಲೆ, ಇಂದಿರಾ ಕ್ಯಾಂಟೀನ್, ಇ-ಶ್ರಮ್, ಉಚಿತ ಕಾನೂನು ನೆರವು ಪೂರ್ತಿಯಾಗಿ ಸಲ್ಲುತ್ತವೆ. ಕರ್ನಾಟಕದಲ್ಲಿ 90 ದಿನ ದುಡಿದಿದ್ದರೆ ಇಲ್ಲಿನ ಕಟ್ಟಡ ಕಾರ್ಮಿಕ ಮಂಡಳಿಯ ಕಾರ್ಡೂ ಸಿಗುತ್ತದೆ. ಕೇಂದ್ರದ ಆಯುಷ್ಮಾನ್ ಯೋಜನೆ (ಪಿಎಂ-ಜಯ್) ಜಾರಿಯಲ್ಲಿರುವ ರಾಜ್ಯದ ಕಾರ್ಡ್ ಇಲ್ಲಿನ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಇವರಿಗೆ ದೊಡ್ಡ ಅಡ್ಡಿ ಭಾಷೆ. ಇಂಥ ಮನೆಗಳಲ್ಲಿ ಸರ್ಕಾರಿ ಶಾಲೆಗೆ ಹೋಗಿ ಕನ್ನಡ ಕಲಿತ ಮಗುವೇ ಇಡೀ ಮನೆಗೆ ದುಭಾಷಿ ಆಗುತ್ತದೆ. ಆ ಮಗುವನ್ನು ಶಾಲೆಗೆ ಸೇರಿಸುವುದು ಆ ಕುಟುಂಬಕ್ಕೂ ನಮ್ಮ ಊರಿಗೂ ಒಳಿತು.

ಕೈ ಹಿಡಿದು ನಡೆಸುವವರು

ಯಾವ ಯೋಜನೆಯೂ ತಾನಾಗಿ ಶೆಡ್ಡಿನ ಬಾಗಿಲಿಗೆ ಬರುವುದಿಲ್ಲ. ಆಶಾ, ಅಂಗನವಾಡಿ ಕಾರ್ಯಕರ್ತೆ, ಸಂಘದ ಪುಸ್ತಕ ಬರೆಯುವ ಹುಡುಗಿ, ಕಾರ್ಮಿಕ ಸಂಘದ ಕಾರ್ಯದರ್ಶಿ, ಸ್ವಯಂಸೇವಾ ಸಂಸ್ಥೆಯ ಮಾಹಿತಿ ಕೇಂದ್ರದವರು ಒಂದು ಅರ್ಜಿ ಮುಗಿಯುವವರೆಗೆ ಬೆನ್ನು ಬಿಡದೆ ನಿಂತಾಗಲೇ ಅದು ಫಲ ಕೊಡುತ್ತದೆ. ಮಧ್ಯವರ್ತಿಗೆ ಸಾವಿರಗಟ್ಟಲೆ ಕೊಟ್ಟು ಮಾಡಿಸುವ ಕೆಲಸವನ್ನು ಇವರು ನ್ಯಾಯವಾಗಿ ಮಾಡಿಕೊಡುತ್ತಾರೆ. ಇವರಲ್ಲಿ ಬಹಳ ಮಂದಿ ದುಡಿಯುವುದು ಅಲ್ಪ ಗೌರವಧನಕ್ಕೆ. ಇವರ ಸಂಖ್ಯೆ ಹೆಚ್ಚಿಸಿ, ತಕ್ಕ ಸಂಬಳ ಕೊಟ್ಟು, ಸೈಟುಗಳಿಗೂ ಇವರ ಭೇಟಿಯನ್ನು ಕಡ್ಡಾಯ ಮಾಡುವುದು ಹೊಸ ಯೋಜನೆ ಘೋಷಿಸುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.

ನೆನಪಿಡಬೇಕಾದ ನಂಬರ್‌ಗಳು

ಪಡಿತರ: 1967, 14445
ಕರ್ನಾಟಕ ಕಾರ್ಮಿಕ ಸಹಾಯವಾಣಿ: 155214
ಇ-ಶ್ರಮ್: 14434
ಆರೋಗ್ಯ ಸಹಾಯವಾಣಿ: 104
ಮಕ್ಕಳ ಸಹಾಯವಾಣಿ: 1098
ಮಹಿಳಾ ಸಹಾಯವಾಣಿ: 181
ಉಚಿತ ಕಾನೂನು ನೆರವು: 15100
ತುರ್ತು ಕರೆ: 112

ಓದುಗರಲ್ಲಿ ಒಂದು ಮನವಿ. ನೀವು ಮನೆ ಕಟ್ಟಿಸುತ್ತಿದ್ದರೆ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾಮಗಾರಿ ನಡೆಯುತ್ತಿದ್ದರೆ, ಅಲ್ಲಿ ದುಡಿದವರ ಉದ್ಯೋಗ ದೃಢೀಕರಣ ಪತ್ರಕ್ಕೆ ತಡಮಾಡದೆ ಸಹಿ ಹಾಕಿ, ಗುತ್ತಿಗೆದಾರರಿಂದಲೂ ಹಾಕಿಸಿ. ಸೈಟಿನ ಮಕ್ಕಳ ವಿಷಯವನ್ನು ಹತ್ತಿರದ ಅಂಗನವಾಡಿಗೆ, ಶಾಲೆಗೆ ತಿಳಿಸಿ. ಹತ್ತಿರದ ನ್ಯಾಯಬೆಲೆ ಅಂಗಡಿ ಎಲ್ಲಿದೆ ಎಂದು ಆ ಕುಟುಂಬಕ್ಕೆ ತೋರಿಸಿ. ಇದಕ್ಕೆ ನಿಮ್ಮ ಹಣ ಬೇಕಾಗಿಲ್ಲ, ಅರ್ಧ ಗಂಟೆ ಸಾಕು. ನಮ್ಮ ಮನೆಯ ಗೋಡೆ ಎಬ್ಬಿಸಿದವರಿಗೆ ಕೂಲಿಯ ಜತೆಗೆ ಇಷ್ಟು ಸಲ್ಲಲೇಬೇಕು.